ಅಗ್ಗದ ಶುಕ್ರವಾರ

ನನ್ನ ಹೆಂಡತಿ ದೇಯಿಗೆ ನನ್ನ ಮೇಲಿರುವ ದೂರುಗಳಲ್ಲಿ ಅತ್ಯಂತ ಹಳೆಯದು ಮತ್ತು ಅತ್ಯಂತ ಅನ್ಯಾಯದ್ದು ಯಾವುದೆಂದರೆ, ನನಗೆ ಒಂದು ಕಾರ್ಯಕ್ರಮವನ್ನೂ ನೆಟ್ಟಗೆ ಮಾಡಲು ಬರುವುದಿಲ್ಲ ಎಂಬುದು. ಮೂವತ್ತೊಂದು ವರ್ಷ ಸಿಟಿ ಬಸ್ಸುಗಳ ಟೈಮ್ ಕೀಪರ್ ಆಗಿದ್ದವನಿಗೆ ಹೇಳುವ ಮಾತೇ ಇದು? ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಕೈಯಲ್ಲಿ ಪುಸ್ತಕ, ಬಾಯಲ್ಲಿ ವಿಶಲ್ ಹಿಡಿದು ನಾನು ನಿಂತರೆ, ಎರಡು ನಿಮಿಷ ತಡವಾಗಿ ಬಂದ ಡ್ರೈವರು ನನ್ನ ಮುಖ ನೋಡದೆ ಆಚೆ ಕಡೆಯ ಕನ್ನಡಿಯನ್ನು ಸರಿಮಾಡಿಕೊಳ್ಳುತ್ತಿದ್ದ. ಅಂಥ ನಾನು ಮನೆಗೆ ಬಂದರೆ ದೇಯಿ ಹೇಳುತ್ತಿದ್ದುದು, "ಹಾಲು ಉಕ್ಕುವುದು ಯಾವಾಗ ಅಂತ ಗೊತ್ತಾಗದ ನಿಮ್ಮನ್ನು ಟೈಮ್ ಕೀಪರ್ ಮಾಡಿದ್ದು ಯಾರು ಮಾರಾಯ್ರೆ?"

ನಿವೃತ್ತನಾದ ಮೇಲೆ ನಾನು ಕಂಕನಾಡಿ ಫ್ರೆಂಡ್ಸ್ ಫುಟ್ಬಾಲ್ ಕ್ಲಬ್ಬಿನ ಕಾರ್ಯದರ್ಶಿಯಾದೆ. ಫುಟ್ಬಾಲಿನಲ್ಲಿ ನನಗೆ ಗೊತ್ತಿರುವುದು ಚೆಂಡು ಉರುಟಾಗಿದೆ ಎಂಬುದು ಮಾತ್ರ. ಆದರೆ ಕಾರ್ಯದರ್ಶಿಗಿರಿಯಲ್ಲಿ ಒಂದು ಮಹಾಲಾಭವಿದೆ. ಸಂಜೆ ನಾಲ್ಕೂವರೆಗೆ ಮೈದಾನಕ್ಕೆ ಹೋಗಬೇಕು, ಏಳೂವರೆಗೆ ಮೊದಲು ಮನೆಗೆ ಬರುವಂತಿಲ್ಲ. ಇದೇ ಮೂರು ಗಂಟೆಗಳಲ್ಲಿ ನಮ್ಮ ಮನೆಯಲ್ಲಿ ತೆಂಗಿನಕಾಯಿ ತುರಿಯುವುದು, ಫ್ಯಾನಿನ ರೆಕ್ಕೆ ಒರೆಸುವುದು, ಮೇಲಿನ ಡಬ್ಬ ಕೆಳಗಿಳಿಸಿ ಕೆಳಗಿನ ಡಬ್ಬ ಮೇಲೇರಿಸುವುದು ಮುಂತಾದ ಅಭಿವೃದ್ಧಿ ಕಾರ್ಯಗಳು ನಡೆಯುತ್ತವೆ. ಕಾರ್ಯದರ್ಶಿ ಎಂಬ ಒಂದೇ ಪದದ ಬಲದಿಂದ ನಾನು ಇವೆಲ್ಲದರಿಂದ ಮೂರು ವರ್ಷ ಪಾರಾಗಿದ್ದೆ. ಲೋಕದಲ್ಲಿ ಯಾವ ಸ್ಥಾನವನ್ನು ಬೇಕಾದರೂ ಬಿಟ್ಟೇನು, ಇದೊಂದನ್ನು ಬಿಡಲಾರೆ.

ಬಿಡುವ ಹೊತ್ತು ಬಂದದ್ದು ಕಳೆದ ವರ್ಷದ ಪ್ರಶಸ್ತಿ ಪ್ರದಾನ ಸಮಾರಂಭದಿಂದ. ಸೀಸನ್ ಮುಗಿದ ಮೇಲೆ ಮಕ್ಕಳಿಗೆಲ್ಲ ಒಂದೊಂದು ಕಪ್ ಕೊಟ್ಟು, ಹೆತ್ತವರಿಗೆ ಊಟ ಹಾಕುವುದು ನಮ್ಮ ಕ್ಲಬ್ಬಿನ ಪದ್ಧತಿ. ಹೋದ ವರ್ಷ ವೇದಿಕೆಯ ಮೇಲೆ ಹನ್ನೊಂದು ಗಣ್ಯರಿದ್ದರು. ಮುಖ್ಯ ಅತಿಥಿಗಳಾದ ನಿವೃತ್ತ ಪ್ರಿನ್ಸಿಪಾಲರು ತಮ್ಮ ಬಾಲ್ಯದಿಂದ ಆರಂಭಿಸಿದರು. ನಲವತ್ತೇಳು ನಿಮಿಷವಾದಾಗಲೂ ಅವರಿಗೆ ಹೈಸ್ಕೂಲ್ ಸೇರಲು ಆಗಿರಲಿಲ್ಲ. ರಾತ್ರಿ ಹನ್ನೊಂದಕ್ಕೆ ಬಹುಮಾನ ಶುರುವಾದಾಗ ಶ್ರೇಷ್ಠ ಆಟಗಾರ ಮೂರು ಕುರ್ಚಿ ಜೋಡಿಸಿ ಮಲಗಿದ್ದ. ಅವನ ಕಪ್ಪನ್ನು ಅವನ ಅಜ್ಜಿ ಹೋಗಿ ಇಸಕೊಂಡರು. ಬಿರಿಯಾನಿಯ ಮೇಲೆ ತುಪ್ಪ ಹೆಪ್ಪುಗಟ್ಟಿತ್ತು. ಖರ್ಚು ಕೇಳಬೇಡಿ.

ಈ ವರ್ಷದ ಸಭೆಯಲ್ಲಿ ನಮ್ಮ ಅಧ್ಯಕ್ಷರಾದ ರಾಫೆಲ್ ತೀರ್ಪು ಕೊಟ್ಟರು. ಗಲ್ಫಿನಲ್ಲಿ ಇಪ್ಪತ್ತು ವರ್ಷ ದುಡಿದು ಬಂದವರು, ಮಾತು ಕಡಿಮೆ.

"ಜಯಣ್ಣ, ಇದು ನಿಮಗೆ ಲಾಸ್ಟ್ ಚಾನ್ಸ್. ಖರ್ಚು ಕಡಿಮೆ ಆಗ್ಬೇಕು, ಹೊತ್ತಿಗೆ ಮುಗೀಬೇಕು, ಜನ ಖುಷಿಯಲ್ಲಿ ಮನೆಗೆ ಹೋಗ್ಬೇಕು. ಪೇರೆಂಟ್ಸ್ ಎಲ್ಲ ಮಕ್ಕಳನ್ನು ಟರ್ಫ್ ಅಕಾಡೆಮಿಗೆ ಸೇರಿಸ್ತೇವೆ ಅಂತ ಹೆದರಿಸ್ತಾ ಇದ್ದಾರೆ. ಸರಿ ಆಗದಿದ್ರೆ ಇನ್ನು ದೀಪೇಶ್ ಕಾರ್ಯದರ್ಶಿ."

ದೀಪೇಶ್ ನಮ್ಮ ಕೋಚ್. ಪಕ್ಕದಲ್ಲೇ ಕೂತು ಫೋನಿನಲ್ಲಿ ಏನನ್ನೋ ಒತ್ತುತ್ತಿದ್ದ. ಬಹುಶಃ ಕಾರ್ಯದರ್ಶಿಯ ಲೆಟರ್‌ಹೆಡ್ ಮಾಡುತ್ತಿದ್ದ.

ಮನೆಗೆ ಬಂದು ವಿಷಯ ಹೇಳಿದೆ. ದೇಯಿ ಒಗೆದ ಬಟ್ಟೆ ಮಡಚುತ್ತ, "ನನ್ನ ಹತ್ರ ಕೇಳಿ ಮಾಡಿ, ಎಲ್ಲ ಸರಿ ಆಗ್ತದೆ" ಅಂದಳು.

ಅಷ್ಟು ಸಾಕಾಯಿತು. "ನಿನ್ನ ಹತ್ರ ಒಂದೇ ಒಂದು ಮಾತು ಕೇಳದೆ ಮಾಡಿ ತೋರಿಸ್ತೇನೆ!"

"ಆಯ್ತು. ನೀವು ಕೇಳುವ ತನಕ ನಾನೂ ಹೇಳುವುದಿಲ್ಲ."

ಮರುದಿನದಿಂದಲೇ ನನ್ನ ದಿಗ್ವಿಜಯ ಯಾತ್ರೆ ಆರಂಭವಾಯಿತು. ಮೊದಲು ಹತ್ತಿರದ ಇಗರ್ಜಿಯ ಹಾಲಿಗೆ ಹೋದೆ. ಮದುವೆ ಸೀಸನ್ನಿನಲ್ಲಿ ಆ ಹಾಲ್ ಸಿಗಬೇಕಾದರೆ ಹುಡುಗಿ ನೋಡುವ ಮೊದಲೇ ಬುಕ್ ಮಾಡಬೇಕು. ಅದರ ಉಸ್ತುವಾರಿ ನೋಡುವ ರೇಮಂಡ್ ರಿಜಿಸ್ಟರ್ ತೆರೆದು, "ಮಾರ್ಚ್ ಪೂರಾ ಖಾಲಿ ಉಂಟು ಜಯಣ್ಣ. ಬೇಕಾದ ಶುಕ್ರವಾರ ತಕೊಳ್ಳಿ. ಬಾಡಿಗೆ ಅರ್ಧ ಕೊಟ್ರೆ ಸಾಕು. ಆದ್ರೆ ಶುಕ್ರವಾರ ಅಂದ್ರೆ..." ಎಂದು ಎಳೆದ.

ಮೂವತ್ತೊಂದು ವರ್ಷ ಕಂಡಕ್ಟರುಗಳ ನಡುವೆ ಬಾಳಿದವನು ನಾನು. 'ಆದ್ರೆ' ಎಂಬ ಪದದ ಹಿಂದೆ ಕರೆಂಟ್ ಬಿಲ್ಲು, ಕುರ್ಚಿ ಬಾಡಿಗೆ, ಕಸ ಗುಡಿಸುವ ಚಾರ್ಜು ಇರುತ್ತವೆ ಎಂದು ನನಗೆ ಗೊತ್ತಿಲ್ಲವೇ? "ಆದ್ರೆ ಗೀದ್ರೆ ಎಲ್ಲ ಬೇಡ. ಮೊದಲ ಶುಕ್ರವಾರ ಸಂಜೆ ಐದೂವರೆಗೆ. ಬರೆದುಕೋ" ಎಂದೆ. ಅವನು ಪೆನ್ನಿನ ಮುಚ್ಚಳ ತೆಗೆದು ಬರೆದುಕೊಂಡ.

ಬೇಕರಿಯಲ್ಲೂ ಹಾಗೆಯೇ. "ಆ ಶುಕ್ರವಾರಕ್ಕಾ? ನೂರೈವತ್ತು ಚಿಕನ್ ರೋಲಾ? ಗ್ಯಾರಂಟಿಯಾ?" ಎಂದು ಮಾಲಕರು ಮೂರು ಸಲ ಕೇಳಿದರು. ಮೂರನೆಯ ಸಲ ನಾನು ಸ್ವಲ್ಪ ಗದರಿದಾಗ ರೇಟನ್ನು ತಾವಾಗಿಯೇ ಇಳಿಸಿದರು. ಇನ್ನು ಬಿರಿಯಾನಿ. ನಮ್ಮ ಗೋಲ್‌ಕೀಪರ್ ಹುಡುಗನ ತಂದೆ ಝುಬೈರ್ ಮದುವೆ ಅಡುಗೆಯಲ್ಲಿ ಎತ್ತಿದ ಕೈ. ಅವನಂತೂ ಕೂಲಿಯೇ ಬೇಡವೆಂದ.

"ಈ ತಿಂಗಳು ನನಗೆ ಕೆಲಸವೇ ಇಲ್ಲ ಜಯಣ್ಣ. ಸಾಮಾನು ತಂದು ಕೊಡಿ, ಕ್ಲಬ್ಬಿಗೆ ಅಂತ ಮಾಡಿ ಕೊಡ್ತೇನೆ. ಆದ್ರೆ ಶುಕ್ರವಾರ ಚಿಕನ್ ಅಂದ್ರೆ ಚರ್ಚಿಗೆ ಹೋಗುವ ಪೊರ್ಬುಗಳು..."

ಮತ್ತೆ 'ಆದ್ರೆ'! ಈ ಊರಿನ ವ್ಯಾಪಾರಿಗಳೆಲ್ಲ ಒಂದೇ ಶಾಲೆಯಲ್ಲಿ ಕಲಿತಿರಬೇಕು. ಚಿಕನ್ ಬೇಡವೆಂದು ಹೇಳಿ ಮಟನ್ನಿಗೆ ಏರಿಸುವ ಉಪಾಯವೆಂದು ಬಗೆದು ಅವನ ಬಾಯಿಯನ್ನೂ ಮುಚ್ಚಿಸಿದೆ. (ರಂಜಾನ್ ತಿಂಗಳೆಂದು ನಿನಗೆ ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಿತ್ತು. ಅವರು ಸಂಜೆ ತಿನ್ನುತ್ತಾರೆ, ನಮ್ಮ ಕಾರ್ಯಕ್ರಮವೂ ಸಂಜೆಯೇ ಎಂದು ಲೆಕ್ಕ ಹಾಕಿದ್ದೆ. ಐದೂವರೆಗೂ ಸೂರ್ಯ ಮುಳುಗುವುದಕ್ಕೂ ಮಧ್ಯೆ ಒಂದು ಗಂಟೆ ಹತ್ತು ನಿಮಿಷವಿದೆ ಎಂಬುದು ಟೈಮ್ ಕೀಪರನ ತಲೆಗೆ ಹೋಗಲಿಲ್ಲ.)

ಆ ಸಂಜೆ ಮನೆಯಲ್ಲಿ ಜಯಭೇರಿ ಬಾರಿಸಿದೆ. "ಹಾಲ್ ಅರ್ಧ ಬಾಡಿಗೆ, ಬೇಕರಿ ಡಿಸ್ಕೌಂಟ್, ಅಡುಗೆ ಫ್ರೀ! ಇದಕ್ಕೆ ಹೇಳುವುದು ಪ್ಲಾನಿಂಗ್."

"ಯಾವತ್ತು?"

ದಿನ ಹೇಳಿದೆ. ದೇಯಿ ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ ನಿಂತಳು. ತುಟಿ ಬಿಗಿಹಿಡಿದು ತಿರುಗಿ, "ಆ ದಿನ ಎಂತ ಉಂಟು ಅಂತ ಗೊತ್ತುಂಟಾ?" ಎಂದು ಕೇಳಿದಳು.

"ಗೊತ್ತುಂಟು. ಪ್ರಶಸ್ತಿ ಪ್ರದಾನ ಸಮಾರಂಭ ಉಂಟು."

"ಅದಲ್ಲದೆ?"

"ಅದಲ್ಲದೆ ಎಂತದೂ ಇಲ್ಲ. ಇಡೀ ಊರೇ ಖಾಲಿ ಉಂಟು. ಅದಕ್ಕೇ ಎಲ್ಲ ಅಗ್ಗ."

"ನನ್ನ ಹತ್ರ ಎಂತಾದ್ರೂ ಕೇಳ್ಲಿಕ್ಕೆ ಉಂಟಾ?"

"ಇಲ್ಲ!"

ಅವಳು ಒಳಗೆ ಹೋದಳು. ಅಡುಗೆಮನೆಯಿಂದ ಒಂದು ಸದ್ದು ಬಂತು. ಮಿಕ್ಸಿ ಇರಬೇಕೆಂದು ತಿಳಿದೆ. ಆಗ ಕರೆಂಟ್ ಹೋಗಿತ್ತೆಂಬುದು ನೆನಪಾದದ್ದು ಎಷ್ಟೋ ದಿನಗಳ ಮೇಲೆ.

ಶುಕ್ರವಾರ ಬಂತು. ಬೆಳಿಗ್ಗೆ ಹನ್ನೊಂದಕ್ಕೆ ಬೇಕರಿಗೆ ಹೋಗಿ ಗುಣಮಟ್ಟ ಪರೀಕ್ಷೆಗೆಂದು ಎರಡು ಚಿಕನ್ ರೋಲ್ ತಿಂದು ಒಂದು ಚಹಾ ಕುಡಿದೆ. (ಕಾರ್ಯದರ್ಶಿಯ ಜವಾಬ್ದಾರಿಗಳು ಒಂದೆರಡಲ್ಲ.) ರಾತ್ರಿಯ ಬಿರಿಯಾನಿಗೆ ಜಾಗವಿರಲೆಂದು ಮಧ್ಯಾಹ್ನ ಊಟ ಮಾಡಲಿಲ್ಲ. ಈ ಒಂದು ತೀರ್ಮಾನಕ್ಕೆ ನಾನು ನನ್ನನ್ನು ಈಗಲೂ ಕ್ಷಮಿಸಿಲ್ಲ.

ಐದೂವರೆಯ ಕಾರ್ಯಕ್ರಮಕ್ಕೆ ಐದು ಇಪ್ಪತ್ತೈದಕ್ಕೇ ಹಾಲ್ ತುಂಬಿತು. ಮಂಗಳೂರಿನಲ್ಲಿ ಹೀಗಾದರೆ ಸಂಶಯಪಡಬೇಕು. ನಾನು ಪಡಲಿಲ್ಲ. ಕಾರ್ಯಕ್ರಮಕ್ಕೆ ಮೊದಲು ಚಹಾ, ರೋಲ್ ಹಂಚುವುದೆಂದು ನಿಶ್ಚಯವಾಗಿತ್ತು. ಮೊದಲ ತಟ್ಟೆಯನ್ನು ನಾನೇ ಹಿಡಿದುಕೊಂಡು ಝುಬೈರನ ಹೆಂಡತಿ ಮುಮ್ತಾಝ್ ಎದುರು ನಿಂತೆ.

"ನೋಂಬಿನ ಉಪವಾಸ ಅಲ್ವಾ ಜಯಣ್ಣ. ಮಸೀದಿಯಲ್ಲಿ ಬಾಂಗ್ ಆಗ್ಬೇಕಷ್ಟೆ. ನೀವು ಪೊರ್ಬುಗಳಿಗೆ ಕೊಡಿ, ಅವರು ತಿಂತಾರೆ" ಎಂದು ಅವರು ನಕ್ಕರು.

ಸರಿ, ಆ ಸಾಲನ್ನು ಬಿಟ್ಟು ಮುಂದಿನ ಸಾಲಿಗೆ ಹೋದೆ. ಅಲ್ಲಿ ರಾಫೆಲರ ಹೆಂಡತಿ ವೆರೋನಿಕಾ ಬಾಯಿ. ನಮ್ಮ ಕೆಳಗಿನ ಫ್ಲ್ಯಾಟಿನವರು. ತಟ್ಟೆ ನೋಡಿದ್ದೇ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು.

"ಇವತ್ತು ಶುಕ್ರವಾರ! ಈಸ್ಟರ್ ತನಕ ತಪಸ್ಸುಕಾಲ ಅಲ್ವಾ? ಶುಕ್ರವಾರ ನಾವು ಮಾಂಸ ಮುಟ್ಟುದಿಲ್ಲ. ಅದಕ್ಕೇ ತಾನೆ ಮದುವೆ ಕೂಡ ಇಲ್ಲದ್ದು? ಹಾಲ್ ಖಾಲಿ ಇದ್ದದ್ದು ಮತ್ತೆ ಯಾಕೆ ಅಂತ ಎಣಿಸಿದ್ದು ನೀವು?"

"ನೀವು ಮೊದಲೇ ಹೇಳ್ಬಾರ್ದಿತ್ತಾ ಬಾಯಿ?"

"ಹೇಳಿದ್ರೆ ನಿಮಗೆ ಬೇಜಾರ್ ಆಗುದಿಲ್ವಾ? ನಿಮ್ಮ ಜನ ತಿಂತಾರೆ ಅಂತ ನಾವು ಎಣಿಸಿದ್ದು."

ಹೌದು, ನಮ್ಮ ಜನ! ಕೊನೆಯ ಆಸೆಯಿಂದ ನಮ್ಮವರ ಕಡೆ ತಿರುಗಿದೆ. ಮೊಟ್ಟಮೊದಲ ಸಾಲಿನಲ್ಲಿ ಪ್ರಿನ್ಸಿಪಾಲರು ಕಣ್ಣು ಮುಚ್ಚಿ ಕೂತಿದ್ದರು. ತಟ್ಟೆಯ ವಾಸನೆಗೆ ಒಂದು ಕಣ್ಣು ತೆರೆದು, "ಸಂಕಷ್ಟಿ" ಎಂದು ಹೇಳಿ ಮತ್ತೆ ಮುಚ್ಚಿದರು. ಅವರ ಹಿಂದಿನ ಸಾಲು, ಸಂಕಷ್ಟಿ. ಅದರ ಹಿಂದಿನ ಸಾಲು, ಸಂಕಷ್ಟಿ. ನಮ್ಮ ಗಂಡಸರಲ್ಲಿ ಉಪವಾಸ ಹಿಡಿಯುವವರು ಕಡಿಮೆ ಎಂಬುದು ನಿಜ. ಆದರೆ ಬೆಳಗ್ಗಿನಿಂದ ಏನೂ ತಿನ್ನದ ಹೆಂಡತಿ ಪಕ್ಕದಲ್ಲಿ ಕೂತಿರುವಾಗ ಚಿಕನ್ ರೋಲಿಗೆ ಕೈ ಹಾಕುವ ಗಂಡಸು ತುಳುನಾಡಿನಲ್ಲಿ ಇನ್ನೂ ಹುಟ್ಟಿಲ್ಲ. ಮಕ್ಕಳು ಒಂದಿಬ್ಬರು ಕೈಚಾಚಿದರು. ತಾಯಂದಿರ ಕಣ್ಣು ನೋಡಿ ಚಾಚಿದ ಕೈಯಲ್ಲಿ ತಲೆ ಕೆರೆದುಕೊಂಡರು.

ಮೂರನೆಯ ಸಾಲಿನಲ್ಲಿ ಹಸಿರು ರೇಷ್ಮೆ ಸೀರೆಯುಟ್ಟು ದೇಯಿ ಕೂತಿದ್ದಳು.

"ನಾನು ಇಪ್ಪತ್ತೆಂಟು ವರ್ಷದಿಂದ ಪ್ರತಿ ತಿಂಗಳು ಸಂಕಷ್ಟಿ ಹಿಡೀತೇನೆ. ಅದಾದ್ರೂ ಗೊತ್ತುಂಟಾ ನಿಮಗೆ?"

"ಗೊತ್ತುಂಟು. ಇವತ್ತು ಅಂತ ಗೊತ್ತಿರ್ಲಿಲ್ಲ."

"ಕೇಳಿದ್ರಾ?"

ನೂರೈವತ್ತು ರೋಲುಗಳ ಮಧ್ಯೆ ನಿಂತು ನನಗೆ ಎಲ್ಲವೂ ಸ್ಪಷ್ಟವಾಯಿತು. ವರ್ಷದ ಮುನ್ನೂರ ಅರವತ್ತೈದು ದಿನಗಳಲ್ಲಿ, ಈ ಊರಿನ ಮೂರೂ ಪೈಕಿಯವರು ಒಟ್ಟಿಗೆ ಬಾಯಿ ಕಟ್ಟಿ ಕೂರುವ ಒಂದೇ ಒಂದು ಸಂಜೆಯನ್ನು ನಾನು ಹುಡುಕಿ, ಚೌಕಾಸಿ ಮಾಡಿ, ಊಟಕ್ಕೆ ಕರೆದಿದ್ದೆ. ರಾಫೆಲ್ ವಾಚ್ ನೋಡಿಕೊಳ್ಳುತ್ತಿದ್ದರು. ದೀಪೇಶ್ ನನ್ನನ್ನು ಕನಿಕರದಿಂದ ನೋಡಿ ಶರ್ಟಿನ ಕಾಲರ್ ಸರಿಮಾಡಿಕೊಂಡ. ನನ್ನ ಸಂಜೆಗಳು ಕೈಬಿಟ್ಟು ಹೋಗುತ್ತಿರುವುದು ಕಣ್ಣಿಗೆ ಕಾಣುತ್ತಿತ್ತು. ವೇದಿಕೆ ಹತ್ತಿ ಪ್ರಾರ್ಥನೆಗೆ ಕರೆದೆ.

ಆಮೇಲೆ ನಡೆದದ್ದನ್ನು ಪವಾಡವೆನ್ನದೆ ಬೇರೆ ದಾರಿಯಿಲ್ಲ. ಹಸಿದವರಿಗೆ ಭಾಷಣ ಮಾಡಲು ಆಗುವುದಿಲ್ಲ! ಹೋದ ವರ್ಷ ನಲವತ್ತೇಳು ನಿಮಿಷ ತೆಗೆದುಕೊಂಡ ಪ್ರಿನ್ಸಿಪಾಲರು ಮೈಕಿನ ಎದುರು ನಿಂತು, "ಮಕ್ಕಳೇ, ಚೆನ್ನಾಗಿ ಆಡಿ, ಚೆನ್ನಾಗಿ ಓದಿ, ನಮಸ್ಕಾರ" ಎಂದು ಹೇಳಿ ಕೂತು ನೀರಿನ ಬಾಟಲಿಯನ್ನು ದೂರ ಸರಿಸಿದರು. ಸ್ವಾಗತ ಮಾಡಿದವರು ಹೆಸರುಗಳನ್ನು ಮಾತ್ರ ಓದಿದರು, ಬಿರುದುಗಳನ್ನು ಬಿಟ್ಟರು. ದೀಪೇಶ್ ಹೆಸರು ಕೂಗಿದ, ಮಕ್ಕಳು ಓಡಿ ಬಂದರು, ಕಪ್ ಹಿಡಿದು ಹಲ್ಲು ತೋರಿಸಿ ಓಡಿದರು. ಶ್ರೇಷ್ಠ ಆಟಗಾರ್ತಿ ರಾಫೆಲರ ಮಗಳು ಟಾನ್ಯಾ ತನ್ನ ಕಪ್ಪನ್ನು ತಾನೇ, ಎಚ್ಚರವಾಗಿಯೇ, ತೆಗೆದುಕೊಂಡಳು. ಐವತ್ತು ನಿಮಿಷದಲ್ಲಿ ಸರ್ವವೂ ಸಮಾಪ್ತಿ. ಹೆತ್ತವರ ಚಪ್ಪಾಳೆ ಹಾಲಿನ ಶೀಟು ಹಾರುವಂತಿತ್ತು.

ಆದರೆ ಊಟ? ಬೆವರೊರೆಸಿಕೊಳ್ಳುತ್ತ ಹಾಲಿನ ಹಿಂಬದಿಗೆ ಹೋದೆ. ಅಲ್ಲಿ ಮೂರು ಮೇಜುಗಳು ಸಾಲಾಗಿದ್ದವು. ಒಂದರಲ್ಲಿ ಖರ್ಜೂರ, ಕಲ್ಲಂಗಡಿ, ಶರಬತ್ತು. ಇನ್ನೊಂದರಲ್ಲಿ ಇಡ್ಲಿಯಂಥ ಬಿಸಿ ಸಾನ್ನಾಗಳು, ಅವಕ್ಕೆ ಮೀನಿನ ಸಾರು. ಮೂರನೆಯದರಲ್ಲಿ ದೊಡ್ಡ ಪಾತ್ರೆ ತುಂಬ ಶ್ಯಾವಿಗೆ, ಬೆಲ್ಲ ಹಾಕಿದ ಕಾಯಿಹಾಲು. ದೇಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ತಟ್ಟೆ ಎಣಿಸುತ್ತಿದ್ದಳು.

"ಇದೆಲ್ಲ ಎಂತ?"

"ನೋಂಬಿನವರಿಗೆ ಮುಮ್ತಾಝ್ ಮಾಡಿದ್ದು. ಇಗರ್ಜಿಯವರಿಗೆ ವೆರೋನಿಕಾ ಬಾಯಿ. ಅವರಿಗೆ ಮೀನು ಆಗ್ತದೆ. ಚಂದ್ರ ಬಂದ ಮೇಲೆ ತಿನ್ನುವವರಿಗೆ ನಾನು. ಮೂರು ದಿನದಿಂದ ನಾವು ಮೂರು ಜನ ಫೋನಿನಲ್ಲೇ ಇದ್ದೇವೆ. ಆಗ ರೋಲಿನ ತಟ್ಟೆಯ ಎದುರು ಅವರಿಬ್ಬರು ಮಾಡಿದ್ದು ಬರೀ ನಾಟಕ. ನೀವು ಕೇಳಿರ್ಲಿಲ್ಲ, ನಾನು ಹೇಳಿರ್ಲಿಲ್ಲ. ಮಾಡ್ಬಾರ್ದು ಅಂತ ಯಾರೂ ಹೇಳಿರ್ಲಿಲ್ಲ ಅಲ್ವಾ?"

ಆ ಗಳಿಗೆಯಲ್ಲಿ ನಾನು ಅವಳಿಗೆ ಕೈಮುಗಿಯಬೇಕಿತ್ತು. ಮುಗಿಯಲು ಕೈಯೆತ್ತಿದ್ದೆ ಕೂಡ. ಅಷ್ಟರಲ್ಲಿ ಮೈಕಿನಲ್ಲಿ ರಾಫೆಲರ ಧ್ವನಿ ಕೇಳಿಸಿತು. ಅವರು ಆ ಮೂರು ಮೇಜುಗಳನ್ನು ನೋಡಿ ಬಂದಿದ್ದರು.

"ನಾನು ಜಯಣ್ಣನ ಮೇಲೆ ಡೌಟ್ ಪಟ್ಟಿದ್ದೆ. ತಪ್ಪಾಯ್ತು. ಮೂರೂ ಜನರ ಉಪವಾಸ ಒಂದೇ ದಿನ ಬರುವ ಸಂಜೆ ಹುಡುಕಿ, ಒಟ್ಟಿಗೆ ಕೂತು ಉಪವಾಸ ಬಿಡುವ ಹಾಗೆ ಮಾಡಿದ್ದಾರಲ್ಲ, ಇದು ಸುಮ್ಮನೆ ಆಗುವ ಕೆಲಸವಾ? ಜಯಣ್ಣ, ಎರಡು ಮಾತು ಹೇಳಿ."

ಚಪ್ಪಾಳೆ! ನನ್ನ ಜನ್ಮದಲ್ಲಿ ಯಾರೂ ನನಗಾಗಿ ಹೀಗೆ ತಟ್ಟಿರಲಿಲ್ಲ. ಮೈಕ್ ಕೈಗೆ ಬಂದದ್ದೊಂದು ನೆನಪಿದೆ. ನಾನು ತಿಂಗಳುಗಟ್ಟಲೆ ಮೂರು ಕ್ಯಾಲೆಂಡರುಗಳನ್ನು ಎದುರಿಟ್ಟುಕೊಂಡು ಅಧ್ಯಯನ ಮಾಡಿದೆನೆಂದೆ. ಚಪ್ಪಾಳೆ. ಈ ಶುಭದಿನಕ್ಕಾಗಿ ಎಷ್ಟೋ ರಾತ್ರಿ ನಿದ್ದೆಗೆಟ್ಟೆನೆಂದೆ. ಇನ್ನೂ ಚಪ್ಪಾಳೆ. ನಡುವೆ ಸ್ವಲ್ಪ ನಿಲ್ಲುವ ಲಕ್ಷಣ ಕಾಣಿಸಿದ್ದರಿಂದ ಗಾಬರಿಯಾಗಿ, "ನಾನು ಕೂಡ ಇಂದು ನಸುಕಿನಿಂದ ಒಂದು ಹನಿ ನೀರು ಮುಟ್ಟಿಲ್ಲ! ನಿಮ್ಮ ನೋಂಬು, ನಿಮ್ಮ ತಪಸ್ಸುಕಾಲ, ನಮ್ಮ ಸಂಕಷ್ಟಿ, ಮೂರನ್ನೂ ಒಟ್ಟಿಗೆ ಹಿಡಿದಿದ್ದೇನೆ! ಇಂದು ಮಾತ್ರವಲ್ಲ. ಹಬ್ಬದ ತನಕ, ಈಸ್ಟರ್ ತನಕ, ಇನ್ನು ಬರುವ ಎಲ್ಲ ಸಂಕಷ್ಟಿಗಳಲ್ಲೂ ಹಿಡಿಯುತ್ತೇನೆ!" ಎಂದುಬಿಟ್ಟೆ. ಜನ ಎದ್ದು ನಿಂತರು. ಮುಮ್ತಾಝ್ ಕಣ್ಣೊರೆಸಿಕೊಂಡರು. ನನ್ನ ಮಾತನ್ನು ನಾನೇ ಪೂರ್ತಿ ನಂಬಿ ನನಗೂ ಕಣ್ಣೀರು ಬಂತು. ಕ್ಲಬ್ ಇರುವ ತನಕ ಜಯಣ್ಣನೇ ಕಾರ್ಯದರ್ಶಿ ಎಂದು ರಾಫೆಲ್ ಅಲ್ಲೇ ಘೋಷಿಸಿದರು.

ಅಷ್ಟೆಲ್ಲ ಹೇಳಿದವನು ದೇಯಿಯ ಹೆಸರನ್ನು ಹೇಳಲಿಲ್ಲ. ಬೇಕೆಂದು ಬಿಟ್ಟದ್ದಲ್ಲ. ಚಪ್ಪಾಳೆಯ ಗದ್ದಲದಲ್ಲಿ ನೆನಪಾಗಲಿಲ್ಲ. ಇಳಿಯುವಾಗ ಹಿಂಬದಿಯ ಬಾಗಿಲಲ್ಲಿ ಅವಳನ್ನು ನೋಡಿದೆ. ಅವಳೊಬ್ಬಳೇ ಚಪ್ಪಾಳೆ ತಟ್ಟುತ್ತಿರಲಿಲ್ಲ, ನಗುತ್ತಿದ್ದಳು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಆ ನಗುವನ್ನು ನಾನು ನಾಲ್ಕೈದು ಸಲ ನೋಡಿದ್ದೇನೆ. ಪ್ರತಿ ಸಲವೂ ಅದರ ಫಲವನ್ನು ಉಂಡಿದ್ದೇನೆ. ಈ ಸಲ ಉಣ್ಣುವ ಭಾಗ್ಯವೂ ಇರಲಿಲ್ಲ.

ಮಸೀದಿಯಿಂದ ಬಾಂಗ್ ಕೇಳಿಸಿತು. ಝುಬೈರ್ ಒಂದು ಖರ್ಜೂರ ಹಿಡಿದುಕೊಂಡು ನೇರ ನನ್ನ ಹತ್ತಿರ ಬಂದ. "ನಮ್ಮ ಜೊತೆ ನೋಂಬು ಹಿಡಿದವರು ನೀವು ಜಯಣ್ಣ. ನೀವೇ ಮೊದಲು." ಬೆಳಗ್ಗಿನ ಎರಡು ರೋಲುಗಳು ಯಾವಾಗಲೋ ಕರಗಿ ಹೋಗಿದ್ದವು. ನಾನು ಬಾಯಿ ತೆರೆದೆ.

"ಅಯ್ಯೋ ಬೇಡ ಝುಬೈರ್!" ಪಕ್ಕದಲ್ಲೇ ದೇಯಿ. "ಅವರದ್ದು ಸಂಕಷ್ಟಿಯೂ ಉಂಟಲ್ಲ. ಚಂದ್ರನನ್ನು ನೋಡದೆ ಬಾಯಿಗೆ ಎಂತದೂ ಹಾಕುದಿಲ್ಲ ಅವರು."

"ಮಾಶಾ ಅಲ್ಲಾ!" ಎಂದು ಝುಬೈರ್ ಭಕ್ತಿಯಿಂದ ಖರ್ಜೂರವನ್ನು ಹಿಂದಕ್ಕೆ ತೆಗೆದ.

ನಾನು ಅವಳನ್ನು ಕಂಬದ ಮರೆಗೆ ಕರೆದು, "ಹಸಿವಾಗ್ತದೆ ದೇಯಿ" ಅಂದೆ.

"ಬೇಕರಿಯವರ ಹೆಂಡತಿಯೂ ನಾನೂ ಒಂದೇ ಮಹಿಳಾ ಮಂಡಲ. ಎರಡು ರೋಲ್, ಒಂದು ಚಾ. ಮೈಕಿನಲ್ಲಿ ಹೇಳ್ಲಾ?"

ನಾನು ಹಸಿವಿಲ್ಲವೆಂದು ಹೇಳಿ ಹೋಗಿ ಕೂತೆ.

ಏಳೂವರೆಗೆ ವೆರೋನಿಕಾ ಬಾಯಿ ಸಾನ್ನಾ ಬಡಿಸಿದರು. ನನ್ನೆದುರು ಬಂದಾಗ ಬಟ್ಟಲನ್ನು ಸೆರಗಿನಿಂದ ಮುಚ್ಚಿಕೊಂಡು, "ನಿಮ್ಮ ಎದುರು ಮೀನು ತರ್ಬಾರ್ದು, ಪಾಪ ಬರ್ತದೆ" ಎಂದು ಪಕ್ಕಕ್ಕೆ ಸರಿದು ಹೋದರು. ಆಮೇಲೆ ಝುಬೈರ್ ಬಿರಿಯಾನಿಯ ಮುಚ್ಚಳ ತೆರೆದ. ಅದರ ಪರಿಮಳವನ್ನು ವರ್ಣಿಸಲು ಹೊರಟರೆ ಇವತ್ತೂ ನನಗೆ ಅಳು ಬರುತ್ತದೆ. ನೋಂಬು ಬಿಟ್ಟವರು ತಿಂದರು. ಹೆಂಡತಿಯರು ಚಂದ್ರ ಬಂದನೇ ಎಂದು ನೋಡಲು ಅಂಗಳಕ್ಕೆ ಹೋದ ಹೊತ್ತಿಗೆ ನಮ್ಮ ಗಂಡಸರೂ ಅವಸರದಲ್ಲಿ ತಿಂದರು. ರೋಲುಗಳನ್ನೂ ಖಾಲಿ ಮಾಡಿದರು. ನನ್ನನ್ನು ದಾಟಿ ಹೋಗುವವರೆಲ್ಲ ದನಿ ತಗ್ಗಿಸಿ, ಕೈಯಲ್ಲಿದ್ದ ತಟ್ಟೆಯನ್ನು ಬೆನ್ನ ಹಿಂದೆ ಹಿಡಿದು, ತಲೆಬಾಗಿ ಹೋಗುತ್ತಿದ್ದರು.

ಕ್ಯಾಲೆಂಡರಿನ ಪ್ರಕಾರ ಚಂದ್ರೋದಯ ಒಂಬತ್ತೂ ಕಾಲಿಗೆ. ಅಂಗಳದಲ್ಲಿ ವಾಚ್ ಹಿಡಿದು ನಿಂತೆ. ಒಂಬತ್ತೂ ಕಾಲಾಯಿತು, ಒಂಬತ್ತೂವರೆಯಾಯಿತು, ಚಂದ್ರನಿಲ್ಲ. ಹಾಲಿನ ಪೂರ್ವಕ್ಕೆ ಹೊಸದಾಗಿ ಹದಿನಾರು ಮಹಡಿಯ ಫ್ಲ್ಯಾಟ್ ಎದ್ದಿದೆ. ಚಂದ್ರ ಅದರ ಹಿಂದೆ ಒಂದೊಂದೇ ಮಹಡಿ ಹತ್ತುತ್ತಿದ್ದಾನೆಂದು ಯಾರೋ ವಿವರಿಸಿದರು. ನನ್ನ ಮೂವತ್ತೊಂದು ವರ್ಷದ ಸರ್ವಿಸಿನಲ್ಲಿ ಇಷ್ಟು ತಡವಾಗಿ ಬಂದ ಗಾಡಿಯನ್ನು ನಾನು ಕಂಡಿಲ್ಲ. ಹತ್ತು ಗಂಟೆ ದಾಟಿದ ಮೇಲೆ ನೀರಿನ ಟ್ಯಾಂಕಿನ ಪಕ್ಕದಿಂದ ಆತ ಮೂಡಿ ಬಂದಾಗ ಇತರರು ಕೈಮುಗಿದರು. ನಾನು ಮಾತ್ರ ಶ್ಯಾವಿಗೆಯ ಮೇಜಿನತ್ತ ಓಡಿದೆ.

ಖರ್ಜೂರ, ಸಾನ್ನಾ ಆಗಲೇ ಖಾಲಿಯಾಗಿದ್ದವು, ಶ್ಯಾವಿಗೆಯ ಪಾತ್ರೆಯ ತಳ ಕಾಣಿಸುತ್ತಿತ್ತು. ಎರಡೆರಡು ಸಲ ಊಟ ಮಾಡಿದ್ದ ಮಕ್ಕಳು ಚಂದ್ರನಿಗೆ ಕಾಯದೆ ಅದನ್ನೂ ಮುಗಿಸಿದ್ದರು. ಉಪವಾಸದ ಹೆಂಗಸರಿಗೆ ಎತ್ತಿಟ್ಟದ್ದು ಅವರಿಗೆ ಮಾತ್ರ ಸಾಕಾಯಿತು.

"ಬಿರಿಯಾನಿ ಉಂಟಲ್ಲ, ಸ್ವಲ್ಪ..." ಎಂದೆ.

ವೆರೋನಿಕಾ ಬಾಯಿ ಬೆಚ್ಚಿಬಿದ್ದರು. "ಇನ್ನೂ ಶುಕ್ರವಾರ ಮುಗಿಲಿಲ್ಲ ಜಯಣ್ಣ! ಹನ್ನೆರಡು ಗಂಟೆ ಆಗ್ಬೇಕು. ಹಸಿವಿನಲ್ಲಿ ನಿಮಗೆ ನೆನಪು ಹೋಗಿದೆ, ಪಾಪ."

ದೇಯಿ ಎರಡು ಕದಳಿ ಬಾಳೆಹಣ್ಣು ಕೊಟ್ಟಳು. ಹನ್ನೆರಡು ಗಂಟೆಗೆ ಬಿರಿಯಾನಿಯ ಪಾತ್ರೆ ತೊಳೆದು ಕವುಚಿ ಹಾಕಿಯಾಗಿತ್ತು.

ಆದರೂ ಮಲಗುವಾಗ ನನಗೆ ಸಮಾಧಾನವಿತ್ತು. ಹೋದರೆ ಒಂದು ದಿನದ ಊಟ ಹೋಯಿತು, ಸ್ಥಾನ ಉಳಿಯಿತಲ್ಲ? ಆಜೀವ ಕಾರ್ಯದರ್ಶಿ! ಇನ್ನು ಸಾಯುವ ತನಕ ನನ್ನ ಸಂಜೆಗಳು ನನ್ನವು. ಆ ಸುಖದಲ್ಲಿ ಕಣ್ಣು ಹತ್ತುವಷ್ಟರಲ್ಲಿ ಫೋನ್ ಬಡಿದುಕೊಂಡಿತು. ನಸುಕಿನ ನಾಲ್ಕೂ ಕಾಲು.

"ಜಯಣ್ಣ, ಸಹರಿಗೆ ಏಳಿ! ಐದಕ್ಕೆ ಮೊದಲು ತಿಂದು ಮುಗಿಸ್ಬೇಕು. ಹೆದರ್ಬೇಡಿ, ಹಬ್ಬದ ತನಕ ದಿನಾ ನಾನೇ ಎಬ್ಬಿಸ್ತೇನೆ" ಎಂದ ಝುಬೈರ್. ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ದೇಯಿ ಆಗಲೇ ಗಂಜಿ ಬಡಿಸಿಟ್ಟಿದ್ದಳು. ಉಪ್ಪಿನಕಾಯಿಯನ್ನು ಮಾತ್ರ ಸ್ವಲ್ಪ ಜಾಸ್ತಿ ಹಾಕಿದ್ದಳು, ಅದು ಅವಳ ಕರುಣೆ.

ಹಗಲಿಡೀ ಹೇಗೋ ಕಳೆದೆ. ಸಂಜೆ ನಾಲ್ಕೂವರೆಗೆ ಶೂ ಹಾಕಿಕೊಂಡು ವಿಶಲ್ ಹುಡುಕುತ್ತಿದ್ದೆ.

"ಎಲ್ಲಿಗೆ?" ಎಂದಳು ದೇಯಿ.

"ಗ್ರೌಂಡಿಗೆ. ಮತ್ತೆ ಎಲ್ಲಿಗೆ?"

"ಮೂರು ಮೂರು ಉಪವಾಸ ಇಟ್ಟುಕೊಂಡು ಈ ಬಿಸಿಲಿಗಾ? ತಲೆ ತಿರುಗಿ ಬಿದ್ರೆ ಜನ ನನ್ನನ್ನು ಎಂತ ಹೇಳ್ಲಿಕ್ಕಿಲ್ಲ? ರಾಫೆಲ್ ಪೊರ್ಬುಗಳಿಗೆ ಬೆಳಿಗ್ಗೆಯೇ ಫೋನ್ ಮಾಡಿದ್ದೇನೆ. ಗ್ರೌಂಡನ್ನು ದೀಪೇಶ್ ನೋಡಿಕೊಳ್ತಾನಂತೆ. ನೀವು ಹೆಸರಿಗೆ ಕಾರ್ಯದರ್ಶಿಯಾಗಿ ಮನೆಯಲ್ಲೇ ಕೂತ್ರೆ ಸಾಕಂತೆ."

"ಎಷ್ಟು ದಿನ?"

"ಈಸ್ಟರ್ ತನಕ ಅಂತೂ ಉಂಟು. ಮತ್ತೆ ಮಳೆ ಶುರುವಾಗ್ತದೆ. ಮಳೆಗಾಲ ಕಳೆದ ಮೇಲೆ ಪ್ರತಿ ತಿಂಗಳು ಸಂಕಷ್ಟಿಯ ಹಿಂದೆ ಮುಂದೆ ಎರಡೆರಡು ದಿನ ರೆಸ್ಟ್ ಬೇಡ್ವಾ? ಆಗ ನೋಡುವ."

ಚಾವಡಿಯಲ್ಲಿ ಹಳೆಯ ಪೇಪರ್ ಹಾಸಿ ನಾಲ್ಕು ಹಲಸಿನಕಾಯಿ ಇಟ್ಟಿದ್ದಳು. ಈ ವರ್ಷ ವೆರೋನಿಕಾ ಬಾಯಿ, ಮುಮ್ತಾಝ್, ಅವಳು ಮೂರು ಮನೆಯವರೂ ಸೇರಿ ಹಪ್ಪಳ ಮಾಡುವುದೆಂದು ಹಾಲಿನಲ್ಲೇ ಮಾತಾಗಿತ್ತಂತೆ. ಸೊಳೆ ಬಿಡಿಸಲು ಒಬ್ಬರು ಬೇಕಿತ್ತಂತೆ. ನಾನು ಶೂ ಬಿಚ್ಚಿ, ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು ಕೂತೆ. ನಿಜ ಹೇಳಿ ಪಾರಾಗೋಣವೆಂದರೆ ಸ್ಥಾನ ಹೋಗುತ್ತದೆ. ಹೇಳದಿದ್ದರೆ ಸ್ಥಾನ ಇರುತ್ತದೆ, ಸಂಜೆ ಹೋಗುತ್ತದೆ. ಇದನ್ನು ಯೋಚಿಸುತ್ತ ಎರಡನೆಯ ಹಲಸಿನಕಾಯಿಗೆ ಬಂದಾಗ, ಮಗನನ್ನು ಕ್ಲಬ್ಬಿಗೆ ಸೇರಿಸಬೇಕೆಂದು ಕದ್ರಿಯಿಂದ ಒಬ್ಬರು ವಿಚಾರಿಸಿಕೊಂಡು ಬಂದರು. ಟರ್ಫ್ ಅಕಾಡೆಮಿ ಬಿಡಿಸಿ ಸೇರಿಸುತ್ತಾರಂತೆ. ಮೊಣಕೈ ತನಕ ಅಂಟು ಮೆತ್ತಿಕೊಂಡಿದ್ದ ನನ್ನನ್ನು ಅವರು ದಾಟಿ ಒಳಗೆ ಇಣುಕಿ, "ಕಾರ್ಯದರ್ಶಿಗಳನ್ನು ನೋಡ್ಬೇಕಿತ್ತು. ಸಂಜೆ ಗ್ರೌಂಡಿನಲ್ಲಿ ಸಿಗ್ತಾರಾ?" ಎಂದು ಕೇಳಿದರು.

ದೇಯಿ ಬಹಳ ಹೆಮ್ಮೆಯಿಂದ ನನ್ನ ಕಡೆ ಕೈ ತೋರಿಸಿದಳು.

"ಇವರೇ. ಇನ್ನು ಸಂಜೆ ಯಾವಾಗ ಬಂದ್ರೂ ಇಲ್ಲೇ ಸಿಗ್ತಾರೆ."